ಹಾರ್ಡ್‌ವಿಕ್ ಹಾಲ್‌ನಲ್ಲಿ ಮೇಲಿನ ಮಹಡಿಯ ಕಿಟಕಿಗಳೇ ಏಕೆ ಅಷ್ಟು ದೊಡ್ಡವು?

ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್‌ನ ಚಿತ್ರ ನೋಡಿ, ಮೇಲಕ್ಕೆ ಹೋದಂತೆಲ್ಲ ಅದರ ಕಿಟಕಿಗಳು ದೊಡ್ಡದಾಗುವುದೇಕೆ, ಅಷ್ಟೊಂದು ಗಾಜಿದ್ದರೂ ಗೋಡೆ ನಿಂತಿರುವುದು ಹೇಗೆ ಎಂದು ನೀವು ಕೇಳಿದ್ದೀರಿ. ಹದಿನಾರನೆಯ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ ಆದ್ದರಿಂದ ತುಸು ವಿವರವಾಗಿ ಉತ್ತರಿಸುತ್ತೇನೆ.

ಈ ಮನೆಯನ್ನು 1590ರ ದಶಕದಲ್ಲಿ ಕಟ್ಟಿಸಿದವರು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್ ಟಾಲ್ಬಟ್; ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಪ್ರಸಿದ್ಧರು. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್ ಅವರದೆಂಬುದು ಬಹುತೇಕ ಎಲ್ಲರೂ ಒಪ್ಪಿರುವ ಮಾತು. ನೆಲಮಹಡಿಯಲ್ಲಿ ಅಡುಗೆ ಮತ್ತು ಸೇವಕರ ಕೆಲಸ, ಅದರ ಮೇಲೆ ಬೆಸ್ ಅವರ ದಿನನಿತ್ಯದ ವಾಸ, ಎಲ್ಲಕ್ಕಿಂತ ಮೇಲೆ ಗಣ್ಯ ಅತಿಥಿಗಳನ್ನು ಬರಮಾಡಿಕೊಳ್ಳುವ ವೈಭವದ ಕೋಣೆಗಳು ಎಂಬ ವ್ಯವಸ್ಥೆ ಅಲ್ಲಿತ್ತು. ಕೋಣೆಯ ಘನತೆ ಹೆಚ್ಚಿದಂತೆ ಚಾವಣಿ ಎತ್ತರವಾಯಿತು, ಚಾವಣಿಯೊಂದಿಗೆ ಕಿಟಕಿಯೂ ಬೆಳೆಯಿತು. ಹೀಗಾಗಿ ಒಳಗೆ ಕಾಲಿಡುವ ಮೊದಲೇ, ಅಂಗಳದಲ್ಲಿ ನಿಂತು, ಯಾವ ಮಹಡಿ ಯಾರಿಗೆ ಸೇರಿದ್ದೆಂದು ಹೇಳಿಬಿಡಬಹುದು.

ಗಾಜು ಆಗ ಬಲು ದುಬಾರಿ ವಸ್ತು. ದೊಡ್ಡ ಹಾಳೆಗಳನ್ನು ತಯಾರಿಸಲು ಬರುತ್ತಿರಲಿಲ್ಲವಾದ್ದರಿಂದ, ಹತ್ತಿರ ಹೋಗಿ ನೋಡಿದರೆ ಒಂದೊಂದು ಕಿಟಕಿಯೂ ಕಲ್ಲಿನ ಅಡ್ಡ ಮತ್ತು ನೇರ ಪಟ್ಟಿಗಳಿಂದ ಭಾಗವಾಗಿ, ಆ ಭಾಗಗಳೊಳಗೆ ಸೀಸದ ಸಣ್ಣ ಪಟ್ಟಿಗಳಿಂದ ಬೆಸೆದ ಚಿಕ್ಕ ಚಿಕ್ಕ ಗಾಜಿನ ತುಂಡುಗಳಿಂದ ತುಂಬಿಕೊಂಡಿರುವುದು ಕಾಣುತ್ತದೆ. ಬೆಸ್ ಅವರಿಗೆ ಸ್ವಂತ ಗಾಜಿನ ಕಾರ್ಖಾನೆಯೇ ಇದ್ದುದು ಇಲ್ಲಿ ನೆರವಾಯಿತು. ಸಂಪತ್ತಿನ ಪ್ರದರ್ಶನ ಇದರಲ್ಲಿ ಖಂಡಿತ ಇದೆ. ಗೋಪುರಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೊರೆಸಿದ ‘ಇ ಎಸ್’ (ಎಲಿಜಬೆತ್ ಶ್ರೂಸ್‌ಬರಿ) ಎಂಬ ಆಕೆಯ ಹೆಸರಿನ ಮೊದಲಕ್ಷರಗಳನ್ನು ನೋಡಿದವರಿಗೆ ಅದರಲ್ಲಿ ಸಂದೇಹ ಉಳಿಯದು.

ಇನ್ನು ಗೋಡೆಯ ಪ್ರಶ್ನೆ. ಸಾಮಾನ್ಯವಾಗಿ ಹೊರಗೋಡೆಯಲ್ಲಿ ಅಡಗುತ್ತಿದ್ದ ಚಿಮಣಿಗಳನ್ನು ಇಲ್ಲಿ ಒಳಗಿನ ದಪ್ಪ ಗೋಡೆಗಳಿಗೆ ಸೇರಿಸಿದ್ದರಿಂದ, ಹೊರಗೋಡೆಯನ್ನು ದುರ್ಬಲಗೊಳಿಸದೆಯೇ ಕಿಟಕಿಗಳಿಗೆ ಧಾರಾಳವಾಗಿ ಜಾಗ ಬಿಡಲು ಸಾಧ್ಯವಾಯಿತು. ಮುಂದಕ್ಕೆ ಚಾಚಿಕೊಂಡ ಆರು ಗೋಪುರಗಳೂ ಗೋಡೆಗೆ ಆಸರೆಯಾಗಿವೆ ಎಂಬುದು ನನ್ನ ಅಭಿಪ್ರಾಯ. ಹೊರಗಿನ ಈ ಸಮತೋಲನ ಒಳಗೂ ಮುಂದುವರಿಯುತ್ತದೆ: ಹಳೆಯ ಮನೆಗಳಲ್ಲಿ ಪ್ರವೇಶಕ್ಕೆ ಅಡ್ಡಲಾಗಿರುತ್ತಿದ್ದ ದೊಡ್ಡ ಹಜಾರವನ್ನು ಇಲ್ಲಿ ಬಾಗಿಲಿನ ನೇರಕ್ಕೆ, ಮನೆಯ ಮಧ್ಯಭಾಗದಲ್ಲಿ ಇಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಇದು ಹೊಸ ದಾರಿ, ಕಿಟಕಿಗಳಿಗಿಂತಲೂ ದೊಡ್ಡ ಸಾಧನೆಯೆಂದೇ ನಾನು ಎಣಿಸುತ್ತೇನೆ.

ಅಲ್ಲಿಂದ ಹೊರಡುವ ಕಲ್ಲಿನ ಮೆಟ್ಟಿಲು ಮನೆಯುದ್ದಕ್ಕೂ ನಿಧಾನವಾಗಿ ಸುತ್ತುತ್ತ ಮೇಲಿನ ಮಹಾಕೋಣೆಗೆ ತಲುಪಿಸುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಗಾರೆಯಲ್ಲಿ ಉಬ್ಬಿಸಿ ಬಣ್ಣ ಹಚ್ಚಿದ ಕಾಡು, ಅದರ ನಡುವೆ ಬೇಟೆಯ ದೇವತೆ ಡಯಾನಾ ತನ್ನ ಪರಿವಾರದೊಂದಿಗೆ ಕುಳಿತಿದ್ದಾಳೆ. ಪಕ್ಕದ ಉದ್ದನೆಯ ಗ್ಯಾಲರಿ ಸುಮಾರು 50 ಮೀಟರ್ ಚಾಚಿಕೊಂಡಿದೆ. ಬೆಸ್ ಅವರ ವಂಶಸ್ಥರಾದ ಡೆವನ್‌ಶೈರ್ ಡ್ಯೂಕರು ಮುಖ್ಯವಾಗಿ ತಮ್ಮ ಇನ್ನೊಂದು ಮನೆಯಾದ ಚಾಟ್ಸ್‌ವರ್ತ್‌ನಲ್ಲೇ ನೆಲೆಸಿ, ಕಾಲಕಾಲದ ಹೊಸ ಶೈಲಿಗಳನ್ನೆಲ್ಲ ಅಲ್ಲಿಯೇ ಪ್ರಯೋಗಿಸಿದರು. 1959ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಕೈಸೇರಿದ ಹಾರ್ಡ್‌ವಿಕ್ ಇಂದಿಗೂ ಬಹುಮಟ್ಟಿಗೆ ಬೆಸ್ ಕಟ್ಟಿಸಿದ ರೂಪದಲ್ಲೇ ಉಳಿದಿರುವುದು ಆ ಕಾರಣದಿಂದ.