ಜೆಲ್ಲಿಫಿನ್ ಕೆಟ್ಟಿಲ್ಲ ಮಾರಾಯರೇ, ಐದನೇ ಸಲ ಇನ್‌ಸ್ಟಾಲ್ ಮಾಡಬೇಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮೂರನೇ ತಲೆಮಾರಿನ ಐ3 ಲ್ಯಾಪ್‌ಟಾಪು, ಅದಕ್ಕೆ ಉಬುಂಟು ಲಿನಕ್ಸ್, ಅದರ ಮೇಲೆ ಜೆಲ್ಲಿಫಿನ್, ಅಂದರೆ ಸ್ವಂತ ವಿಡಿಯೋಗಳನ್ನು ಮನೆಯ ಟಿವಿ, ಫೋನುಗಳಿಗೆ ಹಂಚುವ ಸರ್ವರ್ ಸಾಫ್ಟ್‌ವೇರ್. ಲ್ಯಾಪ್‌ಟಾಪಿನೊಳಗೇ ಇರುವ ನಾಲ್ಕು ವಿಡಿಯೋ ಫೋನಿನಲ್ಲಿ ಕಾಣುತ್ತವೆ, ಆದರೆ ತಡೆದು ತಡೆದು ಓಡುತ್ತವೆ. ಹೊರಗಿನ ಹಾರ್ಡ್ ಡಿಸ್ಕಿನ ಫೋಲ್ಡರ್ ಸೇರಿಸಿದರೆ ಲೈಬ್ರರಿ ಖಾಲಿ. ಟಿವಿಗೆ ಸರ್ವರೇ ಸಿಗುವುದಿಲ್ಲ. ಇಷ್ಟರ ಮೇಲೆ ಬೆಂಗಳೂರಿನಲ್ಲಿರುವ ತಂಗಿಗೂ ನೋಡಲು ಆಗಬೇಕು. ನಾಲ್ಕು ಸಲ ರೀಇನ್‌ಸ್ಟಾಲ್ ಮಾಡಿದ್ದೀರಿ, ಏನೂ ಬದಲಾಗಲಿಲ್ಲ.

ಬದಲಾಗುವುದೂ ಇಲ್ಲ. ಇದು ಒಂದೇ ರೋಗ ಅಲ್ಲ, ಮೂರು ಬೇರೆ ಬೇರೆ ತೊಂದರೆಗಳು ಒಂದೇ ದಿನ ನೆಂಟರ ಹಾಗೆ ಬಂದು ಕೂತಿವೆ. ಒಂದು ಡಿಸ್ಕಿನದ್ದು, ಒಂದು ರೂಟರಿನದ್ದು, ಇನ್ನೊಂದು ವಿಡಿಯೋ ಫೈಲಿನದ್ದು. ಜೆಲ್ಲಿಫಿನ್ ಪಾಪ ಸುಮ್ನೆ ಬೈಸಿಕೊಳ್ಳುತ್ತಿದೆ.

ನನಗೆ ಇದು ಗೊತ್ತಾದದ್ದು ಎರಡು ವಾರ ಒದ್ದಾಡಿದ ಮೇಲೆ. ನಮ್ಮದು ಪೆರ್ಲದ ಹತ್ತಿರ, ನಿಮ್ಮ ನೀರ್ಚಾಲಿಗೆ ದೂರ ಏನಿಲ್ಲ. ದೊಡ್ಡಪ್ಪನಿಗೆ ಯಕ್ಷಗಾನದ ಹುಚ್ಚು. ವಿಡಿಯೋ ಕ್ಯಾಮರಾ ಹಿಡಿದುಕೊಂಡು ಆಟ, ತಾಳಮದ್ದಳೆ, ಮದುವೆ, ಪೂಜೆ ಎಲ್ಲ ಹಿಡಿದಿಟ್ಟಿದ್ದರು. ಆಮೇಲೆ ಆ ಕ್ಯಾಸೆಟ್‌ಗಳನ್ನು ಡಿವಿಡಿಗೆ ಹಾಕಿಸಿದರು. ಆ ಡಿವಿಡಿಗಳಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ಶುರುವಾದಾಗ ಎಲ್ಲ ಹಾರ್ಡ್ ಡಿಸ್ಕಿಗೆ ಹಾಕಿ ಟಿವಿಯಲ್ಲಿ ನೋಡುವ ಹಾಗೆ ಮಾಡುತ್ತೇನೆ ಅಂತ ಹೊರಟವನು ನಾನು.

ಮೊದಲು ಖಾಲಿ ಲೈಬ್ರರಿ. ಯುಎಸ್‌ಬಿ ಡಿಸ್ಕ್ ಚುಚ್ಚಿದ ಕೂಡಲೇ ಉಬುಂಟು ಅದನ್ನು ಮೀಡಿಯಾ ಎಂಬ ಫೋಲ್ಡರಿನ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ತೆರೆಯುತ್ತದೆ. ಆ ಫೋಲ್ಡರಿನ ಬಾಗಿಲು ನಿಮಗೆ ಮಾತ್ರ. ಜೆಲ್ಲಿಫಿನ್ ಓಡುವುದು ನಿಮ್ಮ ಹೆಸರಿನಲ್ಲಿ ಅಲ್ಲ, ಜೆಲ್ಲಿಫಿನ್ ಎಂಬ ಬೇರೆಯೇ ಯೂಸರಿನ ಹೆಸರಿನಲ್ಲಿ. ಅಂದರೆ ನೀವು ಫೈಲ್ ಮ್ಯಾನೇಜರಿನಲ್ಲಿ ನೋಡಿದರೆ ಎಲ್ಲ ಕಾಣುತ್ತದೆ, ಅದಕ್ಕೆ ಮಾತ್ರ ಜಗಲಿಯಲ್ಲೇ ತಡೆ. ಒಳಗಿನ ಫೈಲುಗಳ ಪರ್ಮಿಷನ್ ಎಷ್ಟು ಸಡಿಲ ಮಾಡಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಹೊರಗಿನ ಬಾಗಿಲೇ ಹಾಕಿದೆ. ನಾನು ಇಲ್ಲೇ ಮೂರು ದಿನ ಕಳೆದೆ, ಸಿಕ್ಕ ಸಿಕ್ಕ ಕಡೆ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಷನ್, ಕೊಟ್ಟುಕೊಂಡು.

ಹೌದೋ ಅಲ್ಲವೋ ಅಂತ ನೋಡಲು ಟರ್ಮಿನಲ್ ತೆರೆದು, ಸುಡೋ ಜೊತೆ ಡ್ಯಾಶ್ ಯು ಕೊಟ್ಟು, ಜೆಲ್ಲಿಫಿನ್ ಯೂಸರಿನ ಹೆಸರು ಹಾಕಿ, ಎಲ್‌ಎಸ್ ಬರೆದು ಆ ಫೋಲ್ಡರಿನ ಪೂರ್ತಿ ದಾರಿ ಕೊಡಿ (sudo -u jellyfin ls, ಆಮೇಲೆ ದಾರಿ). 'ಪರ್ಮಿಷನ್ ಡಿನೈಡ್' ಅಂತ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಪರಿಹಾರಕ್ಕೆ ಟರ್ಮಿನಲ್ಲೇ ಬೇಕಂತಿಲ್ಲ. ಉಬುಂಟುವಿನಲ್ಲಿ ಡಿಸ್ಕ್ಸ್ ಅಂತ ಒಂದು ಆ್ಯಪ್ ಇದೆ. ಅದರಲ್ಲಿ ನಿಮ್ಮ ಡಿಸ್ಕಿನ ಭಾಗ ಆರಿಸಿ, ಕೆಳಗಿನ ಹಲ್ಲಿನ ಚಕ್ರ ಒತ್ತಿ, ಎಡಿಟ್ ಮೌಂಟ್ ಆಪ್ಷನ್ಸ್‌ಗೆ ಹೋಗಿ. ಯೂಸರ್ ಸೆಷನ್ ಡೀಫಾಲ್ಟ್ಸ್ ಆಫ್ ಮಾಡಿ. ಮೌಂಟ್ ಪಾಯಿಂಟ್ ಜಾಗದಲ್ಲಿ ಎಂಎನ್‌ಟಿ (/mnt) ಫೋಲ್ಡರಿನೊಳಗೆ ಒಂದು ಹೆಸರು ಕೊಡಿ. ಸ್ಟಾರ್ಟಪ್‌ನಲ್ಲೇ ಮೌಂಟ್ ಆಗುವುದಕ್ಕೆ ಟಿಕ್ ಇರಲಿ. ಡಿಸ್ಕನ್ನು ಯುಯುಐಡಿ (ಅದರ ಕಾಯಂ ಗುರುತಿನ ಸಂಖ್ಯೆ) ಮೂಲಕ ಗುರುತಿಸುವ ಆಯ್ಕೆ ತೆಗೆದುಕೊಳ್ಳಿ, ನಾಳೆ ಬೇರೆ ಯುಎಸ್‌ಬಿ ತೂತಿಗೆ ಹಾಕಿದರೂ ದಾರಿ ತಪ್ಪುವುದಿಲ್ಲ. ಆಪ್ಷನ್ ಸಾಲಿನಲ್ಲಿ ನೋಫೇಲ್ (nofail) ಎಂಬ ಪದ ಇರುತ್ತದೆ, ಅದನ್ನು ಅಳಿಸಬೇಡಿ. ಅದಿಲ್ಲದಿದ್ದರೆ ಡಿಸ್ಕ್ ಕಳಚಿದ ದಿನ ಲ್ಯಾಪ್‌ಟಾಪು ಬೂಟ್ ಆಗದೆ ಕೂರುತ್ತದೆ. ಆಮೇಲೆ ಜೆಲ್ಲಿಫಿನ್‌ನಲ್ಲಿ ಹಳೇ ದಾರಿ ತೆಗೆದು ಹೊಸ ದಾರಿ ಕೊಟ್ಟು ಸ್ಕ್ಯಾನ್ ಮಾಡಿಸಿ.

ಇದರಿಂದ ಇನ್ನೊಂದು ಲಾಭ ಇದೆ. ಮೊದಲಿನ ರೀತಿಯಲ್ಲಿ ಯಾರಾದರೂ ಲಾಗಿನ್ ಆದರೆ ಮಾತ್ರ ಡಿಸ್ಕ್ ತೆರೆದುಕೊಳ್ಳುವುದು. ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುವ ಲೆಕ್ಕಕ್ಕೆ ಅದು ಆಗುವ ಮಾತಲ್ಲ ಅಲ್ವಾ.

ಡಿಸ್ಕ್ ವಿಂಡೋಸಿನ ಎನ್‌ಟಿಎಫ್‌ಎಸ್ ಆಗಿದ್ದರೆ, ಮತ್ತು ಅದನ್ನು ಆಗಾಗ ವಿಂಡೋಸ್ ಕಂಪ್ಯೂಟರಿಗೂ ಹಾಕುತ್ತಿದ್ದರೆ, ಅಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅರ್ಧ ನಿದ್ದೆಯಲ್ಲಿ ಬಿಟ್ಟ ಡಿಸ್ಕನ್ನು ಲಿನಕ್ಸ್ ತೆರೆಯಲು ಒಪ್ಪುವುದಿಲ್ಲ, ಅಥವಾ ಓದಲು ಮಾತ್ರ ಬಿಡುತ್ತದೆ.

ಈಗ ಟಿವಿ. ಇಲ್ಲಿ ನಾನು ಊಹೆ ಮಾಡುತ್ತಿದ್ದೇನೆ, ಆದರೆ ಬಾಜಿ ಕಟ್ಟಬಹುದಾದ ಊಹೆ. ನಿಮ್ಮಲ್ಲಿ ಎರಡು ರೂಟರ್ ಇದೆ ಅಂತ ಬರೆದಿದ್ದೀರಿ: ಫೈಬರಿನವರು ಕೊಟ್ಟ ಪೆಟ್ಟಿಗೆ ಚಾವಡಿಯಲ್ಲಿ, ನೀವು ತಂದ ಇನ್ನೊಂದು ಟಿವಿ ಕೋಣೆಯಲ್ಲಿ. ನಮ್ಮ ಮನೆಯಲ್ಲೂ ಹಾಗೇ. ಮುರಕಲ್ಲಿನ ಗೋಡೆ, ಒಂದು ವೈಫೈ ಎರಡನೇ ಕೋಣೆ ದಾಟುವುದಿಲ್ಲ. ಫೈಬರ್ ಹುಡುಗನನ್ನು ಕರೆಸಿದರೆ ಅವನು ಸ್ಪೀಡ್ ಟೆಸ್ಟ್ ಮಾಡಿ, "ಎಲ್ಲಾಂ ಶರಿಯಾಣ್ ಚೇಟಾ" (ಎಲ್ಲ ಸರಿ ಇದೆ ಅಣ್ಣಾ) ಅಂತ ಹೇಳಿ ಬೈಕ್ ಹತ್ತಿದ. ಅವನ ಲೆಕ್ಕದಲ್ಲಿ ಸರಿಯೇ, ಇಂಟರ್ನೆಟ್ ಬರುತ್ತಿತ್ತಲ್ಲ.

ಫೋನನ್ನು ಚಾವಡಿಯ ವೈಫೈಗೆ ಹಾಕಿ ಐಪಿ ಅಡ್ರೆಸ್ ನೋಡಿ, ಮತ್ತೆ ಟಿವಿ ಕೋಣೆಯ ವೈಫೈಗೆ ಹಾಕಿ ನೋಡಿ. ಒಂದು ಕಡೆ 192.168.1 ಅಂತ ಶುರುವಾಗಿ ಇನ್ನೊಂದು ಕಡೆ 192.168.0 ಅಂತಲೋ ಬೇರೆ ಏನೋ ಇದ್ದರೆ ನಿಮ್ಮ ಮನೆಯಲ್ಲಿ ಎರಡು ನೆಟ್‌ವರ್ಕ್ ಇವೆ. ಟಿವಿ ಆ್ಯಪ್ ಸರ್ವರ್ ಹುಡುಕುವಾಗ ಕೂಗುವ ಕೂಗು ತನ್ನ ನೆಟ್‌ವರ್ಕಿನ ಬೇಲಿ ದಾಟುವುದಿಲ್ಲ. ಲ್ಯಾಪ್‌ಟಾಪು ಬೇಲಿಯ ಆಚೆ ಇದೆ. ಮುಗಿಯಿತು ಕತೆ.

ಇವತ್ತಿಗೇ ಕೆಲಸ ಆಗಬೇಕಿದ್ದರೆ ಆ್ಯಪಿನಲ್ಲಿ ಹುಡುಕುವುದು ಬಿಟ್ಟು ಅಡ್ರೆಸ್ ಕೈಯಾರೆ ಹಾಕಿ: ಲ್ಯಾಪ್‌ಟಾಪಿನ ಐಪಿ, ಒಂದು ಕೋಲನ್, 8096. ಒಳಗಿನ ರೂಟರಿನಿಂದ (ಟಿವಿ ಕೋಣೆಯದ್ದು) ಹೊರಗಿನದ್ದಕ್ಕೆ (ಚಾವಡಿಯದ್ದು) ಹೋಗಲು ಅಡ್ಡಿ ಇರುವುದಿಲ್ಲ, ಆದ್ದರಿಂದ ಹೆಚ್ಚಾಗಿ ಸಿಗುತ್ತದೆ. ಲ್ಯಾಪ್‌ಟಾಪು ಒಳಗಿನ ರೂಟರಿನಲ್ಲಿದ್ದು ಟಿವಿ ಹೊರಗಿನದ್ದರಲ್ಲಿದ್ದರೆ ಮಾತ್ರ ಹೀಗೆ ಸಿಗದು.

ಸರಿಯಾದ ಮದ್ದು ಬೇರೆ. ಎರಡನೇ ರೂಟರಿನ ಸೆಟ್ಟಿಂಗಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬರೇ ವೈಫೈ ಹರಡುವ ಕೆಲಸ) ಇದ್ದರೆ ಅದನ್ನು ಹಾಕಿ, ಬೇರೆ ಏನೂ ಬೇಡ. ಇಲ್ಲದಿದ್ದರೆ ಮೊದಲು ಅದರ ಸ್ವಂತ ಅಡ್ರೆಸ್ಸನ್ನು ಮೊದಲ ರೂಟರಿನ ಸಾಲಿಗೆ ತನ್ನಿ, ಉದಾಹರಣೆಗೆ 192.168.1.2, ಬೇರೆ ಯಾರೂ ಅದನ್ನು ಹಿಡಿದಿರಬಾರದು. ಆಮೇಲೆ ಅದರ ಡಿಎಚ್‌ಸಿಪಿ (ಅಡ್ರೆಸ್ ಹಂಚುವ ಕೆಲಸ) ಆಫ್ ಮಾಡಿ. ಕೊನೆಗೆ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿನಲ್ಲಿರುವ ಕೇಬಲ್ ತೆಗೆದು ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ ಹಾಕಿ. ಕೇಬಲ್ ಮೊದಲು ಬದಲಿಸಿದರೆ ಎರಡೂ ರೂಟರುಗಳು ಅಡ್ರೆಸ್ ಹಂಚಲು ಶುರು ಮಾಡಿ ಮನೆಯಿಡೀ ಗಲಾಟೆ ಆಗುತ್ತದೆ. ನಾನು ಕೇಬಲನ್ನೇ ಮೊದಲು ಬದಲಿಸಿದ್ದು. ಅಮ್ಮನ ಫೋನಿನಲ್ಲಿ ವಾಟ್ಸಾಪು ನಿಂತು, ಅರ್ಧ ಗಂಟೆ ಮನೆಯಲ್ಲಿ ಚಹಾ ಸಿಗಲಿಲ್ಲ.

ಹಾಗೇ ಮೊದಲ ರೂಟರಿನಲ್ಲಿ ಲ್ಯಾಪ್‌ಟಾಪಿಗೆ ಒಂದು ಅಡ್ರೆಸ್ ಕಾಯಂ ಮಾಡಿಬಿಡಿ, ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ಅಡ್ರೆಸ್ ಬದಲಾಗುವ ಸಾಧ್ಯತೆ ಇದೆ, ನೀವು ಪುನಃ ರೀಇನ್‌ಸ್ಟಾಲಿಗೆ ಕೂರುತ್ತೀರಿ.

ತಡೆದು ತಡೆದು ಓಡುವ ವಿಷಯ ಸ್ವಲ್ಪ ಉದ್ದ ಇದೆ. ಇದನ್ನು ಎಲ್ಲರೂ ಇಂಟರ್ನೆಟ್ ಸ್ಪೀಡಿನ ತಲೆಗೆ ಕಟ್ಟುತ್ತಾರೆ. ಮನೆಯೊಳಗೆ ನೋಡುವುದಕ್ಕೆ ಇಂಟರ್ನೆಟ್ ಬೇಡವೇ ಬೇಡ, ಪ್ಲಾನ್ ದೊಡ್ಡದು ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಪ್ಲೇ ಆಗುವಾಗ ಹಲ್ಲಿನ ಚಕ್ರ ಒತ್ತಿ ಪ್ಲೇಬ್ಯಾಕ್ ಇನ್ಫೋ ತೆರೆಯಿರಿ. ಡೈರೆಕ್ಟ್ ಪ್ಲೇ ಅಂತ ಇದ್ದರೆ ಸರ್ವರ್ ಫೈಲನ್ನು ಇದ್ದ ಹಾಗೆ ಕೊಡುತ್ತಿದೆ, ಆಗಲೂ ತಡೆದರೆ ವೈಫೈ ನೋಡಬೇಕು. ಟ್ರಾನ್ಸ್‌ಕೋಡಿಂಗ್ ಅಂತ ಇದ್ದರೆ ಆ ವಿಡಿಯೋ ನಿಮ್ಮ ಫೋನಿಗೋ ಟಿವಿಗೋ ಅರ್ಥ ಆಗದ ಭಾಷೆಯಲ್ಲಿದೆ, ಪಾಪದ ಐ3 ಕೂತು ಕ್ಷಣ ಕ್ಷಣಕ್ಕೂ ಅನುವಾದ ಮಾಡುತ್ತಿದೆ. ಯಾಕೆ ಅನ್ನುವ ಕಾರಣವೂ ಅಲ್ಲೇ ಬರೆದಿರುತ್ತದೆ. ಇಷ್ಟು ಒಳ್ಳೆಯ ಜಾಗ ಇದ್ದೂ ನಾನು ಎರಡನೇ ವಾರದವರೆಗೆ ಅದನ್ನು ತೆರೆದು ನೋಡಿರಲಿಲ್ಲ.

ದೊಡ್ಡಪ್ಪನ ಡಿವಿಡಿಗಳು ಎಂಪೆಗ್-2 ಎಂಬ ಹಳೇ ಬಗೆಯ ವಿಡಿಯೋ. ಒಂದೊಂದು ಡಿವಿಡಿಯೊಳಗೆ ವಿಒಬಿ ಅಂತ ಸುಮಾರು 1 ಜಿಬಿಯ ತುಂಡುಗಳು. ನಾನು ಆ ತುಂಡುಗಳನ್ನೇ ಹಾಗೆ ಕಾಪಿ ಮಾಡಿ ಹಾಕಿದ್ದೆ. ಟಿವಿಗೆ ಅದು ಆಗುತ್ತಿರಲಿಲ್ಲ. ಪ್ಲೇ ಒತ್ತಿದ ಕೂಡಲೇ ಅಟ್ಟದಲ್ಲಿದ್ದ ಲ್ಯಾಪ್‌ಟಾಪಿನ ಫ್ಯಾನು ಅಡಕೆ ಸುಲಿಯುವ ಮೆಷಿನಿನ ಹಾಗೆ ಶಬ್ದ ಮಾಡುತ್ತಿತ್ತು, ಚೆಂಡೆ ಒಂದು ಪೆಟ್ಟು ಬಿದ್ದು ನಿಲ್ಲುತ್ತಿತ್ತು, ಪರದೆ ಮೇಲೆ ಉರುಟು ತಿರುಗುತ್ತಿತ್ತು, ಬಣ್ಣದ ವೇಷ ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿರುತ್ತಿತ್ತು. ಏಣಿ ಹತ್ತಿ ಮುಟ್ಟಿ ನೋಡಿದರೆ ಲ್ಯಾಪ್‌ಟಾಪಿನ ತಳ ದೋಸೆ ಕಾವಲಿ. ಹಂಚಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಕಂಪ್ಯೂಟರ್ ಇಟ್ಟ ನನ್ನ ಬುದ್ಧಿಗೆ ಏನು ಹೇಳುವುದು. ತುಂಬ ಬಿಸಿಯಾದರೆ ಪ್ರೊಸೆಸರ್ ತಾನೇ ನಿಧಾನ ಆಗುತ್ತದೆ, ಆಗ ಇನ್ನೂ ಜಾಸ್ತಿ ತಡೆಯುತ್ತದೆ. ಈಗ ಅದು ಕೆಳಗೆ, ಪುಸ್ತಕದ ಕಪಾಟಿನ ತೆರೆದ ಅಂಕಣದಲ್ಲಿದೆ.

ನಿಮ್ಮ ನಾಲ್ಕು ವಿಡಿಯೋ ಹೊಸ ಫೋನಿನಲ್ಲಿ ತೆಗೆದದ್ದು ಅಂದಿರಿ. ಅವು ಎಚ್‌ಇವಿಸಿ ಇರಬಹುದು, ಅಂದರೆ ವಿಡಿಯೋವನ್ನು ಹೆಚ್ಚು ಕುಗ್ಗಿಸಿ ಇಡುವ ಹೊಸ ಬಗೆ. ಇಂಟೆಲ್‌ನಲ್ಲಿ 6ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರುಗಳಿಗೆ ಎಚ್‌ಇವಿಸಿ ಬಿಡಿಸುವ ಯಂತ್ರ ಒಳಗೇ ಇದೆ, 10-ಬಿಟ್ (ಹೆಚ್ಚು ಬಣ್ಣದ ಬಗೆ) ಆದರೆ 7ನೇ ತಲೆಮಾರಿನಿಂದ. ನಿಮ್ಮ 3ನೇ ತಲೆಮಾರಿನದ್ದಕ್ಕೆ ಇಲ್ಲ, ಅದು ಬರೇ ಕೈಬಲದಲ್ಲಿ ಮಾಡಬೇಕು. 4ಕೆ ಆದರೆ ಸಾಧ್ಯವೇ ಇಲ್ಲ ಅನ್ನಿ. ಆ ಒಳಗಿನ ಯಂತ್ರ ಬಳಸುವ ಹಾರ್ಡ್‌ವೇರ್ ಆಕ್ಸಲರೇಶನ್ ಸೆಟ್ಟಿಂಗ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಹೊಸ ಮೆಷಿನಿಗೆ ಅದು ಒಳ್ಳೆಯ ಮಾತು. ನಿಮ್ಮದಕ್ಕೆ ಆ ಹಿಂದೆ ಬೀಳಬೇಡಿ ಅಂತ ನನ್ನ ಅಭಿಪ್ರಾಯ.

ಅದರ ಬದಲು ಫೈಲುಗಳನ್ನೇ ಒಂದು ಸಲ ಬದಲಿಸಿಬಿಡಿ. ಹ್ಯಾಂಡ್‌ಬ್ರೇಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಡಿವಿಡಿ ಇದ್ದರೆ ತುಂಡುಗಳನ್ನು ಒಂದೊಂದೇ ಕೊಡಬೇಡಿ, ವಿಡಿಯೋ ಟಿಎಸ್ ಫೋಲ್ಡರನ್ನೇ ಕೊಡಿ, ಅದು ಜೋಡಿಸಿಕೊಳ್ಳುತ್ತದೆ. ಫಾಸ್ಟ್ 576ಪಿ25 ಎಂಬ ಪ್ರೀಸೆಟ್ ನಮ್ಮ ಊರಿನ ಡಿವಿಡಿಗಳಿಗೆ ಸರಿಯಾಗುತ್ತದೆ, ಅವೆಲ್ಲ 576 ಗೆರೆ, ಸೆಕೆಂಡಿಗೆ 25 ಫ್ರೇಮಿನವು. ಡಿಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯಾಗಿ ಹಿಡಿದ ಚಿತ್ರವನ್ನು ಪೂರ್ತಿ ಮಾಡುವುದು) ಮಾಡಿಸಲು ಮರೆಯಬೇಡಿ, ಇಲ್ಲದಿದ್ದರೆ ವೇಷ ಗಿರಕಿ ಹೊಡೆಯುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಕಾಣುತ್ತದೆ. ವಿಡಿಯೋ ಎಚ್.264, ಆಡಿಯೋ ಎಎಸಿ, ಎಂಪಿ4 ಡಬ್ಬ. ಇದು ಓಡದ ಟಿವಿ ನಾನು ನೋಡಿಲ್ಲ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಎರಡು ಮೂರು ಆಗಿರುತ್ತದೆ. ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ, ಬೇರೆ ಡಿಸ್ಕಿಗೆ ಹಾಕಿ ಬೇರೆಯವರ ಮನೆಯಲ್ಲಿಡಿ. ನಮ್ಮದು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದೆ.

ಇಂಥ ಮನೆ ವಿಡಿಯೋಗಳನ್ನು ಸೇರಿಸುವಾಗ ಲೈಬ್ರರಿಯ ಬಗೆ ಮೂವೀಸ್ ಅಂತ ಕೊಡಬೇಡಿ, ಹೋಮ್ ವಿಡಿಯೋಸ್ ಕೊಡಿ. ನಾನು ಮೂವೀಸ್ ಕೊಟ್ಟು, ದೊಡ್ಡಪ್ಪನ ತಾಳಮದ್ದಳೆಗೆ ಯಾವುದೋ ಇಂಗ್ಲಿಷ್ ದೆವ್ವದ ಸಿನಿಮಾದ ಪೋಸ್ಟರ್ ಬಂದು ಕೂತಿತ್ತು.

ಸಣ್ಣ ಪುಟ್ಟದ್ದು ಒಂದೆರಡು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ಮಲಗುತ್ತದೆ. ಲಾಗಿನ್‌ಡಿ ಕಾನ್ಫ್ (logind.conf) ಎಂಬ ಸೆಟ್ಟಿಂಗ್ ಫೈಲಿನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ (HandleLidSwitch) ಸಾಲಿನ ಮುಂದಿನ ಹ್ಯಾಶ್ ತೆಗೆದು ಇಗ್ನೋರ್ ಅಂತ ಮಾಡಿ ರೀಬೂಟ್ ಮಾಡಿ. ಹಳೇ ಬ್ಯಾಟರಿ ಯುಪಿಎಸ್ ಹಾಗೆ ಕೆಲಸ ಮಾಡುತ್ತದೆ, ಆದರೆ ಅದು ಉಬ್ಬಿ ಟಚ್‌ಪ್ಯಾಡ್ ಮೇಲೆ ಬಂದಂತೆ ಕಂಡರೆ ಅವತ್ತೇ ತೆಗೆಯಿರಿ. ತುಲಾ ತಿಂಗಳ ಗುಡುಗು ಶುರುವಾದರೆ ಎಲ್ಲದರ ಪ್ಲಗ್ ಕಳಚಿ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ ಅನ್ನುವುದು ನಿಜ, ಅಡಾಪ್ಟರಿನಲ್ಲಿ ಬರುತ್ತದೆ, ಕೋಣೆಯಿಂದ ಕೋಣೆಗೆ ಎಳೆದ ತಾಮ್ರದ ಕೇಬಲಿನಲ್ಲೂ ಬರುತ್ತದೆ.

ಇನ್ನು ತಂಗಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಳಬರಲು ದಾರಿ) ಮಾಡಿದೆ, ಆಗಲಿಲ್ಲ ಅಂದಿರಿ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಒಂದೇ ಹೊರಗಿನ ಅಡ್ರೆಸ್ಸನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ, ಫಾರ್ವರ್ಡ್ ಕೆಲಸ ಮಾಡುವುದೇ ಇಲ್ಲ. ಆ ಫಾರ್ವರ್ಡ್ ತೆಗೆದುಬಿಡಿ, ಬಾಗಿಲು ತೆರೆದಿಟ್ಟು ಪ್ರಯೋಜನ ಇಲ್ಲ. ಲ್ಯಾಪ್‌ಟಾಪಿಗೂ ತಂಗಿಯ ಫೋನಿಗೂ ಟೇಲ್‌ಸ್ಕೇಲ್ (ದೂರದ ಎರಡು ಯಂತ್ರಗಳನ್ನು ಖಾಸಗಿಯಾಗಿ ಜೋಡಿಸುವ ಆ್ಯಪ್) ಹಾಕಿ, ಮನೆ ಬಳಕೆಗೆ ದುಡ್ಡು ಕೊಡಬೇಕಿಲ್ಲ. ಅದು ಲ್ಯಾಪ್‌ಟಾಪಿಗೆ ಕೊಡುವ ಅಡ್ರೆಸ್ಸೂ 100ರಿಂದಲೇ ಶುರುವಾಗುತ್ತದೆ, ಗೊಂದಲ ಬೇಡ. ತಂಗಿ ಆ ಅಡ್ರೆಸ್ಸಿನ ಕೊನೆಗೆ ಒಂದು ಕೋಲನ್, 8096 ಹಾಕಿದರೆ ಸಾಕು. ಅವಳಿಗೆ ತಡೆದರೆ ಮಾತ್ರ ನಿಮ್ಮ ಪ್ಲಾನಿನ ಅಪ್‌ಲೋಡ್ ಸ್ಪೀಡ್ ನೋಡಿ.

ಡಿಸ್ಕಿನ ಕೆಲಸ ಮೊದಲು ಮುಗಿಸಿ, ಆಮೇಲೆ ರೂಟರಿಗೆ ಕೈ ಹಾಕಿ. ಎರಡೂ ಆದ ಮೇಲೂ ಟಿವಿಯಲ್ಲಿ ಬರದಿದ್ದರೆ ಪ್ಲೇಬ್ಯಾಕ್ ಇನ್ಫೋದಲ್ಲಿ ಏನು ಬರೆದಿದೆ ಅಂತ ಒಂದು ಫೋಟೋ ಹಾಕಿ. ಆದಿತ್ಯವಾರ ನಾನು ಮನೆಯಲ್ಲೇ ಇರುತ್ತೇನೆ, ನೋಡಿ ಹೇಳುತ್ತೇನೆ.