ಓದುಗರ ಪ್ರಶ್ನೆ: ಗುಮ್ಮಟಕ್ಕೆ ಚಿನ್ನ ಬಂದದ್ದು ಯಾವಾಗ?

ಪ್ರಶ್ನೆ: ನಮ್ಮ ದೊಡ್ಡಪ್ಪನವರ ಟ್ರಂಕಿನಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಮೂರು ಬಣ್ಣದ ಪೋಸ್ಟ್‌ಕಾರ್ಡುಗಳು ಸಿಕ್ಕಿವೆ. ಕ್ಯಾಪಿಟಲ್ ಭವನದ ಕಾರ್ಡಿನ ಮೈ ಬಟ್ಟೆಯ ನೇಯ್ಗೆಯಂತೆ ತರಿತರಿಯಾಗಿದೆ. ಟರ್ಮಿನಲ್ ರೈಲು ನಿಲ್ದಾಣ ಮತ್ತು ಕಾರ್ನೆಗಿ ಗ್ರಂಥಾಲಯದ ಕಾರ್ಡುಗಳು ನುಣುಪಾಗಿದ್ದು, ಸುತ್ತ ಬಿಳಿ ಅಂಚಿದೆ. ಯಾವುದರಲ್ಲೂ ಬರಹವಿಲ್ಲ, ಅಂಚೆಯ ಮುದ್ರೆಯೂ ಇಲ್ಲ. ಕ್ಯಾಪಿಟಲ್‌ನ ಗುಮ್ಮಟ ಚಿನ್ನದ್ದೆಂದು ಅಲ್ಲಿರುವ ಮಗಳು ಹೇಳುತ್ತಾಳೆ, ಕಾರ್ಡಿನಲ್ಲಿ ಅದು ಬೂದು ಬಣ್ಣಕ್ಕಿದೆ. ಉಳಿದೆರಡು ಕಟ್ಟಡಗಳು ಅವಳಿಗೆ ಸಿಗಲೇ ಇಲ್ಲವಂತೆ. ಇವು ಎಷ್ಟು ಹಳೆಯವು?
– ಓದುಗರೊಬ್ಬರು, ಮೈಸೂರು

ಉತ್ತರ: ಗುಮ್ಮಟದ ವಿಷಯದಲ್ಲಿ ನಿಮ್ಮ ಮಗಳ ಮಾತೂ ಸರಿ, ಕಾರ್ಡೂ ಸರಿ. ಜಾರ್ಜಿಯಾ ರಾಜ್ಯದ ಶಾಸನಸಭೆ ಕೂಡುವ ಈ ಭವನ 1889ರಲ್ಲಿ ಪೂರ್ಣಗೊಂಡಿತಾದರೂ, ಅದೇ ರಾಜ್ಯದ ಡಲೋನೆಗಾ ಸೀಮೆಯ ಚಿನ್ನದ ರೇಕನ್ನು ಗುಮ್ಮಟಕ್ಕೆ ಹೊದಿಸಿದ್ದು 1958ರಲ್ಲಿ. ಆದರೆ ಬಣ್ಣವೊಂದನ್ನೇ ನಂಬಿ ಕಾಲ ನಿರ್ಣಯಿಸಬೇಡಿ. ಆಗಿನ ಮುದ್ರಕರು ಕಪ್ಪು-ಬಿಳುಪು ಫೋಟೊ ತೆಗೆದುಕೊಂಡು, ಅದರಲ್ಲಿದ್ದ ತಂತಿ ಕಂಬಗಳನ್ನು ಅಳಿಸಿ, ಆಕಾಶಕ್ಕೆ ಒಂದಿಷ್ಟು ಮೋಡ ಸೇರಿಸಿ, ಊರನ್ನೇ ನೋಡದ ಕುಶಲಕರ್ಮಿಗಳ ಕೈಯಲ್ಲಿ ಬಣ್ಣ ಹಾಕಿಸುವುದು ಸಾಮಾನ್ಯವಾಗಿತ್ತು. ಹೀಗಾಗಿ ಕಟ್ಟಡದ ಆಕಾರ ನಂಬಿಕೆಗೆ ಅರ್ಹ, ಬಣ್ಣ ಅಷ್ಟಾಗಿ ಅಲ್ಲ.

ಕಾಲವನ್ನು ಹೆಚ್ಚು ಖಚಿತವಾಗಿ ಹೇಳುವುದು ಕಾಗದ. ತರಿತರಿ ಮೈಯ ಕಾರ್ಡನ್ನು ಸಂಗ್ರಾಹಕರು ‘ಲಿನನ್’ ಎನ್ನುತ್ತಾರೆ. ಇದರ ಬಳಕೆ 1930ರ ದಶಕದಿಂದ 1950ರ ದಶಕದ ಆರಂಭದವರೆಗೆ ಹೆಚ್ಚು, ಅಂದರೆ ನಿಮ್ಮ ಬೂದು ಗುಮ್ಮಟಕ್ಕೆ ಸರಿಯಾಗಿಯೇ ಹೊಂದುತ್ತದೆ. ಬಿಳಿ ಅಂಚಿನವು ಸುಮಾರು 1915ರಿಂದ 1930ರವರೆಗಿನವು. ಹಿಂಬದಿಯನ್ನೂ ನೋಡಿ: ನಡುವೆ ಗೆರೆಯಿದ್ದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸವೆಂದು ಭಾಗವಾಗಿದ್ದರೆ ಅದು 1907ರ ಮಾರ್ಚ್ ನಂತರದ್ದು. ಅದಕ್ಕೂ ಮೊದಲು ಅಮೆರಿಕದಲ್ಲಿ ವಿಳಾಸದ ಬದಿಯಲ್ಲಿ ಒಕ್ಕಣೆ ಬರೆಯುವಂತಿರಲಿಲ್ಲವಾದ್ದರಿಂದ, ಜನ ಚಿತ್ರದ ಅಂಚಿನಲ್ಲಿಯೇ ಒತ್ತೊತ್ತಾಗಿ ಗೀಚುತ್ತಿದ್ದರು.

ಉಳಿದೆರಡು ಕಟ್ಟಡಗಳು ಸಿಗದಿರುವುದು ಸಹಜ. 1905ರ ಟರ್ಮಿನಲ್ ನಿಲ್ದಾಣವನ್ನು 1970ರ ದಶಕದ ಆರಂಭದಲ್ಲಿ ಕೆಡವಲಾಯಿತು. ಆ ಜಾಗದಲ್ಲೀಗ ರಿಚರ್ಡ್ ರಸೆಲ್ ಹೆಸರಿನ ಕೇಂದ್ರ ಸರ್ಕಾರಿ ಕಚೇರಿಯಿದೆ. ಗ್ರಂಥಾಲಯ 1902ರಲ್ಲಿ ತೆರೆದು 1977ರಲ್ಲಿ ನೆಲಸಮವಾಯಿತು. ಕಾರ್ಡಿನಲ್ಲಿ ಅದರ ಕಂಬಗಳ ಸಾಲು ಎಷ್ಟು ಗಂಭೀರವಾಗಿ ಕಂಡರೂ, ಆ ಬಾಗಿಲು ಕಪ್ಪು ಜನರಿಗೆ ತೆರೆದಿರಲಿಲ್ಲ. ಅಟ್ಲಾಂಟಾದಲ್ಲಿಯೇ ಪ್ರಾಧ್ಯಾಪಕರಾಗಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸ್ 1902ರಲ್ಲಿಯೇ ಇದನ್ನು ಪ್ರತಿಭಟಿಸಿದ್ದರು. ಎಲ್ಲರಿಗೂ ಪ್ರವೇಶ ದೊರೆತದ್ದು 1959ರಲ್ಲಿ. ನಿಲ್ದಾಣದೊಳಗೂ ಬಿಳಿಯರಿಗೆ ಒಂದು, ಕಪ್ಪು ಜನರಿಗೆ ಇನ್ನೊಂದು ಕಾಯುವ ಕೋಣೆ ಇದ್ದವು. ಹೊರಗೋಡೆಯನ್ನಷ್ಟೇ ತೋರಿಸಿ ಮಾರುವ ಚಿತ್ರದಲ್ಲಿ ಇಂಥದ್ದು ಕಾಣಸಿಗದು.

ಗ್ರಂಥಾಲಯ ಪೂರಾ ಕಣ್ಮರೆಯಾಗಿಲ್ಲ. ಅದರ ಮುಂಭಾಗದ ಕಲ್ಲುಗಳನ್ನು ಬಳಸಿ ನಗರದ ಹಾರ್ಡಿ ಐವಿ ಉದ್ಯಾನದಲ್ಲಿ ಒಂದು ಮಂಟಪ ಕಟ್ಟಿದ್ದಾರೆ. ಮಗಳು ಆ ಕಡೆ ಹೋದಾಗ ಕಾರ್ಡಿನ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿ. ಮೂಲ ಕಾರ್ಡುಗಳಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ; ಹಿಂಬದಿ ಕಾಣುವಂತೆ ಪಾರದರ್ಶಕ ಲಕೋಟೆಯಲ್ಲಿಟ್ಟರೆ ಸಾಕು.