ಕಾನೂನು ಪ್ರಶ್ನೋತ್ತರ: ನ್ಯಾಯಾಲಯ ಆಯ್ಕೆಯ ಷರತ್ತಿಗೆ ಯಾವ ದೇಶದ ಕಾನೂನು?

ಪ್ರಶ್ನೆ: ನಮ್ಮದು ಸಿಂಗಪುರದ ಕಂಪನಿ. ಇಟಲಿಯ ಕಂಪನಿಗೆ ಯಂತ್ರ ಪೂರೈಸಲು 2022ರಲ್ಲಿ ಮಾಡಿಕೊಂಡ ಕರಾರಿಗೆ ಸಿಂಗಪುರದ ಕಾನೂನು ಅನ್ವಯ. ವ್ಯಾಜ್ಯ ಮಾತ್ರ ಲಂಡನ್ನಿನ ನ್ಯಾಯಾಲಯದಲ್ಲೇ ನಡೆಯಬೇಕು. ಈಗ ಅವರು ಇಟಲಿಯಲ್ಲಿ ದಾವೆ ಹೂಡಿ, ವಂಚನೆಯಿಂದ ಒಪ್ಪಿಸಿದ ಷರತ್ತು ಅದು, ಅಸಿಂಧು ಎನ್ನುತ್ತಿದ್ದಾರೆ. ಇದನ್ನು ಯಾವ ಕಾನೂನಿನಂತೆ ತೀರ್ಮಾನಿಸುತ್ತಾರೆ?

ಉತ್ತರ: ಇಟಲಿಯ ನ್ಯಾಯಾಧೀಶರು ನೋಡಬೇಕಾದದ್ದು ತಮ್ಮ ಕಾನೂನನ್ನಲ್ಲ, ಇಂಗ್ಲೆಂಡಿನದನ್ನು. ನ್ಯಾಯಾಲಯ ಆಯ್ಕೆಗೆ ಸಂಬಂಧಿಸಿದ 2005ರ ಹೇಗ್ ಒಪ್ಪಂದ ಮೂರೂ ದೇಶಗಳಿಗೆ ಅನ್ವಯಿಸುತ್ತದೆ. ಅದರ 6ನೇ ವಿಧಿಯಂತೆ, ಆಯ್ಕೆಯಾಗದ ನ್ಯಾಯಾಲಯ ತನ್ನ ಮುಂದೆ ಬಂದ ದಾವೆಯನ್ನು ತಡೆಹಿಡಿಯಬೇಕು ಇಲ್ಲವೇ ವಜಾ ಮಾಡಬೇಕು. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಮೊದಲನೆಯದು: ಆಯ್ದ ನ್ಯಾಯಾಲಯವಿರುವ ದೇಶದ ಕಾನೂನಿನಂತೆ ಷರತ್ತು ಅಸಿಂಧುವಾಗಿರಬೇಕು.

ಆದರೆ ‘ಆ ದೇಶದ ಕಾನೂನು’ ಎಂದರೆ ಅಲ್ಲಿನ ಕರಾರು ಕಾನೂನಷ್ಟೇ ಅಲ್ಲ. ಯಾವ ದೇಶದ ಕಾನೂನನ್ನು ಅನ್ವಯಿಸಬೇಕೆಂದು ಹೇಳುವ ಅಲ್ಲಿನ ನಿಯಮಗಳೂ ಅದರಲ್ಲಿ ಸೇರಿವೆ ಎಂದು ಹೇಗ್ ಒಪ್ಪಂದದ ವಿವರಣಾ ವರದಿಯೇ ಹೇಳುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳು ಇಂಥ ಷರತ್ತಿಗೆ ಸಾಮಾನ್ಯವಾಗಿ ಮೂಲ ಕರಾರಿನ ಕಾನೂನನ್ನೇ ಅನ್ವಯಿಸುತ್ತವೆ. ಹೀಗಾಗಿ ಇಟಲಿಯಲ್ಲಿ ಎದ್ದ ತಕರಾರು ಲಂಡನ್ ಸುತ್ತಿ ಸಿಂಗಪುರದ ಕಾನೂನಿನ ಮುಂದೆ ಬಂದು ನಿಲ್ಲುತ್ತದೆ! ನಿಮಗೆ ಎರಡು ತಜ್ಞಾಭಿಪ್ರಾಯ ಬೇಕು: ಯಾವ ಕಾನೂನು ಎಂಬುದಕ್ಕೆ ಇಂಗ್ಲೆಂಡಿನ ವಕೀಲರದು, ಆ ಕಾನೂನಿನಡಿ ವಂಚನೆಯ ಪರಿಣಾಮವೇನು ಎಂಬುದಕ್ಕೆ ಸಿಂಗಪುರದವರದು. ಮೊದಲನೆಯದನ್ನಷ್ಟೇ ಹಾಜರುಪಡಿಸಿದರೆ ವಾದ ಅರ್ಧಕ್ಕೇ ನಿಲ್ಲುತ್ತದೆ.

ವಂಚನೆ ಯಾವುದರ ಬಗ್ಗೆ ಎಂಬುದನ್ನೂ ಕೆದಕಿ ನೋಡಿ. 3ನೇ ವಿಧಿಯಂತೆ ಈ ಷರತ್ತನ್ನು ಉಳಿದ ಕರಾರಿನಿಂದ ಬೇರೆಯಾಗಿಯೇ ಪರಿಗಣಿಸಬೇಕು. ಯಂತ್ರದ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿದರು ಎಂಬ ಆರೋಪದಿಂದ ಕರಾರು ಬಿದ್ದರೂ ಅಷ್ಟಕ್ಕೇ ಷರತ್ತು ಬೀಳುವುದಿಲ್ಲ.

ರೂಪದ ತಕರಾರಿಗೆ ಯಾವ ದೇಶದ ಕಾನೂನೂ ಬೇಡ. ಷರತ್ತು ಬರಹದಲ್ಲಿರಬೇಕು, ಇಲ್ಲವೇ ಇಮೇಲ್‌ನಂತೆ ಮುಂದೆ ತೆಗೆದು ನೋಡಲು ಸಿಗುವಂತಿರಬೇಕು, ಅಷ್ಟು ಸಾಕು. ಅಕ್ಷರ ಸಣ್ಣದಿತ್ತು, ಭಾಷೆ ಬೇರೆಯಿತ್ತು, ಷರತ್ತಿಗೆ ಪ್ರತ್ಯೇಕ ಸಹಿಯಿಲ್ಲ ಎಂಬ ನೆಪ ನಡೆಯದು. ಕರಾರು ಮಾಡುವ ಅರ್ಹತೆಯ ವಿಷಯದಲ್ಲಿ ಮಾತ್ರ ಎರಡು ಜರಡಿ: ಇಂಗ್ಲೆಂಡಿನ ಕಾನೂನು, ಜೊತೆಗೆ ದಾವೆ ನಡೆಯುತ್ತಿರುವ ಇಟಲಿಯ ಕಾನೂನು. ಎರಡರಲ್ಲಿ ಒಂದರಂತೆ ಅರ್ಹತೆ ಇಲ್ಲದಿದ್ದರೂ ದಾವೆ ಇಟಲಿಯಲ್ಲೇ ಮುಂದುವರಿಯಬಹುದು.

ಕರಾರು 2022ರದ್ದಾಗಿರುವುದು ನಿಮ್ಮ ಅದೃಷ್ಟ. ಮೊದಲು ಯುರೋಪಿಯನ್ ಒಕ್ಕೂಟದ ಮೂಲಕ ಹೇಗ್ ಒಪ್ಪಂದಕ್ಕೆ ಒಳಪಟ್ಟಿದ್ದ ಬ್ರಿಟನ್ ಅದರ ಸ್ವತಂತ್ರ ಸದಸ್ಯನಾದದ್ದು 2021ರ ಜನವರಿ 1ರಂದು. ಅದಕ್ಕಿಂತ ಹಿಂದಿನ, ಅಂದರೆ 2015ರ ಅಕ್ಟೋಬರ್ 1ರಿಂದೀಚಿನ ಕರಾರುಗಳಿಗೂ ಒಪ್ಪಂದ ಅನ್ವಯಿಸುತ್ತದೆ ಎಂಬುದು ಬ್ರಿಟನ್ನಿನ ನಿಲುವು. ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ ಅದನ್ನು ಒಪ್ಪಿಲ್ಲ.

ಇಷ್ಟೆಲ್ಲ ಸರಿಯಿದ್ದರೂ, ಇಟಲಿಯ ನ್ಯಾಯಾಲಯಕ್ಕೆ ಈ ದಾವೆ ನಡೆಸುವ ಅಧಿಕಾರವ್ಯಾಪ್ತಿ ಇಲ್ಲವೆಂಬ ತಕರಾರು ಎತ್ತದೆ ಮೊದಲ ಉತ್ತರದಲ್ಲೇ ಮೂಲ ವಿವಾದಕ್ಕೆ ಇಳಿದರೆ ಇಟಲಿಯ ನ್ಯಾಯಾಲಯವನ್ನು ನೀವೇ ಒಪ್ಪಿಕೊಂಡಂತಾಗುವ ಅಪಾಯವಿದೆ.

ಪ್ರಶ್ನೆ: ‘ಖರೀದಿದಾರ ಇಂಥ ನ್ಯಾಯಾಲಯದಲ್ಲೇ ದಾವೆ ಹೂಡಬೇಕು, ಮಾರಾಟಗಾರ ಎಲ್ಲಿ ಬೇಕಾದರೂ ಹೂಡಬಹುದು’ ಎಂಬ ಏಕಪಕ್ಷೀಯ ಷರತ್ತು ಯುರೋಪಿನಲ್ಲಿ ನಿಲ್ಲುತ್ತದೆಯೇ?

ಉತ್ತರ: ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಲಾಸ್ತ್ರೆ ಪ್ರಕರಣದಲ್ಲಿ (2025ರ ಫೆಬ್ರುವರಿ 27) ಕೊಟ್ಟ ಉತ್ತರದಂತೆ, ಷರತ್ತು ಏಕಪಕ್ಷೀಯವೇ, ಅಸ್ಪಷ್ಟವೇ ಎಂಬುದನ್ನು ಯಾವುದೇ ಸದಸ್ಯ ದೇಶದ ಕಾನೂನಿನಿಂದ ಅಳೆಯುವಂತಿಲ್ಲ, ಯಾವ ದೇಶದ ನ್ಯಾಯಾಲಯಕ್ಕೆ ವ್ಯಾಪ್ತಿ ಎಂದು ಹೇಳುವ ಒಕ್ಕೂಟದ 1215/2012 ನಿಯಮಾವಳಿಯ 25ನೇ ವಿಧಿಯಿಂದಲೇ ಅಳೆಯಬೇಕು. ತಪ್ಪು ತಿಳಿವಳಿಕೆ, ವಂಚನೆ, ಬಲಾತ್ಕಾರ, ಅನರ್ಹತೆಯಂಥ ಕಾರಣಗಳಷ್ಟೇ ದೇಶದ ಕಾನೂನಿಗೆ ಬಿಟ್ಟದ್ದು. ಏಕಪಕ್ಷೀಯತೆ ತಾನಾಗಿಯೇ ದೋಷವಲ್ಲ. ನಿಮ್ಮ ಷರತ್ತಿನ ತೊಡಕಿರುವುದು ‘ಎಲ್ಲಿ ಬೇಕಾದರೂ’ ಎಂಬಲ್ಲಿ: ಒಕ್ಕೂಟದ ಅಥವಾ ಲುಗಾನೊ ಒಡಂಬಡಿಕೆಯ (ಇಂಥದೇ ವ್ಯಾಪ್ತಿ ನಿಯಮಗಳಿಗೆ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್‌ಗಳೂ ಒಳಪಟ್ಟಿರುವ ಒಡಂಬಡಿಕೆ) ದೇಶಗಳಾಚೆಗೂ ಅದು ಹರಡಿದರೆ ನಿಲ್ಲದು. ‘ಒಕ್ಕೂಟದ ಅಥವಾ ಲುಗಾನೊ ದೇಶಗಳಲ್ಲಿ ವ್ಯಾಪ್ತಿ ಇರುವ ನ್ಯಾಯಾಲಯ’ ಎಂದು ತಿದ್ದಿಸಿ.